ನಡಾವಳಿ ಪುಸ್ತಕದಲ್ಲಿ ಇಲ್ಲದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೂ ಕಂಪ್ಯೂಟರಿಗೂ ಅಷ್ಟಕ್ಕಷ್ಟೆ. ಬಿ.ಎ.ಯಲ್ಲಿ ಇತಿಹಾಸ ಓದಿ, ಬಿ.ಇಡಿ. ಮುಗಿಸಿ, ಮೂವತ್ತು ವರ್ಷಗಳಿಂದ ಮಕ್ಕಳಿಗೆ ಪಾಣಿಪತ್ ಕದನಗಳನ್ನೂ ವಿಜಯನಗರದ ಪತನವನ್ನೂ ಹೇಳಿಕೊಂಡು ಬಂದವಳು ನಾನು. ಶಾಲೆಗೆ ಕಂಪ್ಯೂಟರ್ ಬಂದಾಗ ಅದಕ್ಕೆ ಹೊದಿಸಿದ ಬಟ್ಟೆಯನ್ನು ಆಗಾಗ ಮನೆಗೆ ತಂದು ಒಗೆದು ಇಸ್ತ್ರಿ ಮಾಡಿ ಕೊಟ್ಟಿದ್ದೇನೆ. ಅದಕ್ಕಿಂತ ಹೆಚ್ಚಿನ ಸೇವೆಯನ್ನು ಅದೂ ನನ್ನಿಂದ ಕೇಳಲಿಲ್ಲ, ನಾನೂ ಮಾಡಲಿಲ್ಲ.

ಹೋದ ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಸಾಲಾಗಿ ಮೂರು ದಿನ ರಜೆ ಘೋಷಿಸಿದ್ದರು. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗಳು ಮಡಂತ್ಯಾರಿನ ನಮ್ಮ ಮನೆಗೆ ಬಂದವಳು ಮಳೆಯಿಂದಾಗಿ ಇಲ್ಲೇ ಉಳಿದಳು. ನಾನು ಚಾವಡಿಯಲ್ಲಿ ಕುಳಿತು ಎಂಟನೇ ತರಗತಿಯ ಅಂಕಗಳನ್ನು ಕೂಡುತ್ತಿದ್ದೆ. ನಲವತ್ತೆರಡು ಮಕ್ಕಳು, ಆರು ವಿಷಯ, ಎರಡು ಸಲ ಕೂಡಿದರೆ ಎರಡು ಉತ್ತರ. "ಅದೆಂತ ದೊಡ್ಡಮ್ಮ, ಇನ್ನೂ ಬೆರಳಲ್ಲಿ ಎಣಿಸುವುದಾ?" ಎಂದು ನಕ್ಕು, ತನ್ನ ಲ್ಯಾಪ್‌ಟಾಪ್ ತಂದಿಟ್ಟು ಹತ್ತು ಸಾಲು ಬರೆದಳು. ನಾನು ಅಂಕ ಓದಿದ ಹಾಗೆ ಅವಳು ತುಂಬಿಸಿದಳು. ಕ್ಷಣದಲ್ಲಿ ಎಲ್ಲರ ಮೊತ್ತ, ಸರಾಸರಿ ಸಾಲಾಗಿ ಬಂತು.

ಲೆಕ್ಕ ಬಂದದ್ದು ನನಗೆ ಆಶ್ಚರ್ಯವಲ್ಲ. ಅದರ ಕೆಲಸವೇ ಅದು. ಆದರೆ ಅವಳು ಬರೆದ ಸಾಲುಗಳಲ್ಲಿ ನನಗೆ ಓದಲು ಬರುವ ಪದಗಳಿದ್ದವು. 'ಅಂಕ', 'ಮೊತ್ತ', 'ಸರಾಸರಿ', ಎಲ್ಲ ಕನ್ನಡದಲ್ಲಿ, ಕನ್ನಡದ ಅಕ್ಷರದಲ್ಲೇ. ನಡುವೆ ಇಫ್, ಫಾರ್ ಎಂದು ಒಂದೆರಡು ಇಂಗ್ಲಿಷ್ ಪದ. ಕಂಪ್ಯೂಟರಿನ ಭಾಷೆ ಎಂದರೆ ಅಪ್ಪಟ ಇಂಗ್ಲಿಷ್ ಎಂದು ನಂಬಿದ್ದ ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

"ಇದಕ್ಕೆ ಒಪ್ಪಿಗೆ ಯಾರು ಕೊಟ್ಟದ್ದು?" ಎಂದು ಕೇಳಿದೆ. ಮೂವತ್ತು ವರ್ಷ ಶಾಲೆಯಲ್ಲಿ ದುಡಿದವರಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ ತಾನೆ?

"ದೊಡ್ಡ ಜಗಳ ಆಗಿ ಒಪ್ಪಿದ್ದಂತೆ ದೊಡ್ಡಮ್ಮ. ಜಗಳ ಪೂರ್ತಿ ಬರೆದಿಟ್ಟಿದ್ದಾರೆ. ಬೇಕಾದರೆ ಓದಬಹುದು."

ಜಗಳ ಬರೆದಿಟ್ಟಿದ್ದಾರೆ ಎಂದರೆ ಇತಿಹಾಸದ ಟೀಚರಿಗೆ ಕಿವಿ ನೆಟ್ಟಗಾಗದೆ ಇರುತ್ತದೆಯೇ? ಉಳಿದ ಎರಡು ದಿನ ಅವಳು ಓದಿ ಅರ್ಥ ಹೇಳಿದಳು, ನಾನು ಹಲಸಿನ ಹಪ್ಪಳ ಕಾಯಿಸಿ ಕೊಟ್ಟೆ. ನಂತರವೂ ಫೋನಿನಲ್ಲಿ ಕೇಳಿ ಕೇಳಿ ಅವಳ ತಲೆ ತಿಂದೆ. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಭಾಷೆಯ ಹೆಸರು ಪೈಥಾನ್. ಹೆಬ್ಬಾವಿಗೂ ಇದಕ್ಕೂ ಸಂಬಂಧವಿಲ್ಲ, ಇಂಗ್ಲೆಂಡಿನ ಟಿ.ವಿ.ಯಲ್ಲಿ ಹಿಂದೆ ಬರುತ್ತಿದ್ದ ಮಾಂಟಿ ಪೈಥಾನ್ ಎಂಬ ನಗೆ ಕಾರ್ಯಕ್ರಮದಿಂದ ಬಂದ ಹೆಸರು. ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ಗಣಿತ ಮತ್ತು ಗಣಕವಿಜ್ಞಾನದ ಸಂಶೋಧನಾ ಸಂಸ್ಥೆಯೊಂದಿದೆ. 1980ರ ದಶಕದಲ್ಲಿ ಅಲ್ಲಿ ಎ.ಬಿ.ಸಿ. ಎಂಬ ಭಾಷೆಯನ್ನು ರೂಪಿಸಿದ್ದರು. ಕಂಪ್ಯೂಟರ್ ಪಂಡಿತರಲ್ಲದ ಸಾಮಾನ್ಯರಿಗೂ ಕಲಿಸಲು ಸುಲಭವಾಗಲಿ ಎಂಬುದು ಅದರ ಉದ್ದೇಶ. ಭಾಷೆ ಚೆನ್ನಾಗಿಯೇ ಇತ್ತಂತೆ, ಆದರೆ ಹರಡಲಿಲ್ಲ. ಹೊರಗಿನವರು ಅದಕ್ಕೆ ತಮ್ಮದೊಂದು ಸೇರಿಸಿ ಬೆಳೆಸುವ ದಾರಿ ಕಿರಿದಾಗಿತ್ತು. ಆ ಕೆಲಸದಲ್ಲಿದ್ದ ಗೀಡೋ ವಾನ್ ರಾಸಮ್ ಎಂಬವರು 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಕಳೆಯಲೆಂದು ಹೊಸದೊಂದನ್ನು ಬರೆಯಲು ಕುಳಿತರು. ನಾವು ರಜೆಯಲ್ಲಿ ಅಟ್ಟ ಗುಡಿಸುತ್ತೇವೆ. 1991ರ ಫೆಬ್ರವರಿಯಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟರು.

ತೆರೆದಿಟ್ಟರು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಕೊಂಡು ತರುವ ಹೆಚ್ಚಿನ ಕಂಪ್ಯೂಟರ್ ಸಾಮಗ್ರಿಗಳು ಬೇಕರಿಯ ತಿಂಡಿಯಂತೆ: ತಿನ್ನಬಹುದು, ಆದರೆ ಒಳಗೆ ಏನೇನು ಹಾಕಿದ್ದಾರೆಂದು ಅಂಗಡಿಯವ ಹೇಳುವುದಿಲ್ಲ. ಇದರಲ್ಲಿ ಮಾಡುವ ಕ್ರಮ ಪೂರ್ತಿ ಕಣ್ಣೆದುರಿಗಿದೆ. ಯಾರೂ ಓದಬಹುದು, ತಿದ್ದಬಹುದು, ದುಡ್ಡು ಕೊಡದೆ ಬಳಸಬಹುದು, ಬೇರೆಯವರಿಗೆ ಹಂಚಬಹುದು. ಓಪನ್ ಸೋರ್ಸ್ ಎನ್ನುವುದು ಇದಕ್ಕೇ. ಹಾಗೆ ತೆರೆದಿಟ್ಟದ್ದನ್ನು ಹತ್ತು ದೇಶದವರು ಬಳಸತೊಡಗಿದರೆ ಹತ್ತು ಅಭಿಪ್ರಾಯಗಳು ಹುಟ್ಟುತ್ತವೆ. ಒಬ್ಬನಿಗೆ ಉಪ್ಪು ಹೆಚ್ಚು, ಇನ್ನೊಬ್ಬನಿಗೆ ಕಡಿಮೆ. ಮೊದಲ ವರ್ಷಗಳಲ್ಲಿ ಎಲ್ಲರೂ ಗೀಡೋ ಅವರಿಗೆ ಬರೆಯುವುದು, ಅವರು ಹೌದು ಅಥವಾ ಅಲ್ಲ ಎನ್ನುವುದು, ಹೀಗೆ ನಡೆಯಿತು. ಅವರಿಗೆ 'ಆಜೀವ ದಯಾಳು ಸರ್ವಾಧಿಕಾರಿ' ಎಂದು ತಮಾಷೆಯ ಬಿರುದನ್ನೂ ಕೊಟ್ಟಿದ್ದರು. ದಯಾಳು ಸರ್ವಾಧಿಕಾರಿಗಳನ್ನು ನಾನೂ ಕೆಲವರನ್ನು ಕಂಡಿದ್ದೇನೆ. ಬಿರುದು ತಮಾಷೆಯದೆಂದು ಗೊತ್ತಿದ್ದವರು ಅವರಲ್ಲಿ ಕಡಿಮೆ.

2000ರಲ್ಲಿ ಒಂದು ಕ್ರಮ ಬಂತು. ಭಾಷೆಯಲ್ಲಿ ದೊಡ್ಡ ಬದಲಾವಣೆ ಬೇಕೆನ್ನುವವರು ಬಾಯಲ್ಲಿ ಹೇಳಿದರೆ ಸಾಲದು, ಲಿಖಿತ ಪ್ರಸ್ತಾವನೆ ಕೊಡಬೇಕು. ಇದಕ್ಕೆ ಅವರು 'ಪೆಪ್' ಎನ್ನುತ್ತಾರೆ. ಏನು ಬದಲಾಗಬೇಕು, ಯಾಕೆ ಬೇಕು, ಈಗ ಬರೆದಿಟ್ಟಿರುವ ಕೆಲಸಕ್ಕೆ ಇದರಿಂದ ತೊಂದರೆಯೇನು ಎಂದೆಲ್ಲ ಬರೆಯಬೇಕು. ಎಲ್ಲರೂ ಚರ್ಚಿಸುತ್ತಾರೆ. ಚರ್ಚೆಯಲ್ಲಿ ಬಂದ ವಿರೋಧವನ್ನೂ, ಬೇಡವೆಂದು ಬಿಟ್ಟ ದಾರಿಗಳನ್ನೂ, ಬಿಟ್ಟದ್ದು ಯಾಕೆಂಬುದನ್ನೂ ಪ್ರಸ್ತಾವನೆ ಬರೆದವರೇ ಅದೇ ಕಾಗದದಲ್ಲಿ ಸೇರಿಸಬೇಕು. ಕೊನೆಗೆ ಸ್ವೀಕಾರವೋ ತಿರಸ್ಕಾರವೋ ಆಗುತ್ತದೆ. ತಿರಸ್ಕಾರವಾದರೂ ಅದರ ಸಂಖ್ಯೆ ಹಾಗೇ ಉಳಿಯುತ್ತದೆ, ಹರಿದು ಬಿಸಾಡುವುದಿಲ್ಲ. 2003ರ ಏಪ್ರಿಲ್ 1ನೇ ತಾರೀಕಿನ ಒಂದು ಪ್ರಸ್ತಾವನೆಯಲ್ಲಿ ರೋಮನ್ ಅಂಕಿಗಳಲ್ಲಿ ಲೆಕ್ಕ ಬರೆಯಲು ಅವಕಾಶ ಕೊಡಬೇಕೆಂದು ಕೇಳಿದ್ದಾರೆ. ತಾರೀಕು ನೋಡಿದರೇ ತಿಳಿಯುತ್ತದಲ್ಲ! ಅದೂ 313 ಎಂಬ ಸಂಖ್ಯೆ ಹೊತ್ತು, ತಿರಸ್ಕೃತ ಎಂಬ ಮುದ್ರೆಯೊಂದಿಗೆ ಇಂದಿಗೂ ಇದೆ.

ಇದನ್ನು ಕೇಳುವಾಗ ನನಗೆ ನೆನಪಾದದ್ದು ತಾಳಮದ್ದಳೆ. ವಾಲಿವಧೆ ಪ್ರಸಂಗದಲ್ಲಿ ವಾಲಿ ಸಾಯುತ್ತಾನೆಂದು ಸಣ್ಣ ಮಕ್ಕಳಿಗೂ ಗೊತ್ತು. ಆದರೂ ರಾತ್ರಿ ನಿದ್ದೆಗೆಟ್ಟು ಹೋಗಿ ಕೂರುತ್ತೇವೆ. ಬಾಣ ತಾಗಿ ಬಿದ್ದವನು ರಾಮನಿಗೆ ಏನು ಕೇಳುತ್ತಾನೆ, ಅದಕ್ಕೆ ರಾಮ ಏನು ಹೇಳುತ್ತಾನೆ ಎಂದು ಕೇಳುವುದಕ್ಕೆ. ವಾಲಿಯ ಮಾತು ಸೊರಗಿದರೆ ರಾಮನದೂ ಸೊರಗುತ್ತದೆ, ಜನ ಎದ್ದು ಹೋಗುತ್ತಾರೆ. ನನ್ನ ತಂದೆ ಅರ್ಥಧಾರಿಗಳಾಗಿರಲಿಲ್ಲ, ಆದರೆ ಮರುದಿನ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಾ ವಾಲಿಯ ವಾದವನ್ನು ತಾವೇ ಮತ್ತೆ ಹೇಳಿಕೊಳ್ಳುತ್ತಿದ್ದರು. ರಾಮನ ವಾದ ಹೇಳಿದ್ದು ನನಗೆ ನೆನಪಿಲ್ಲ.

ಸೋತವರ ವಾದ ಉಳಿದದ್ದರಿಂದ ಪೈಥಾನಿಗೆ ಏನು ಲಾಭವಾಯಿತೆಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 'ಮಳೆ ಬಂದರೆ ಕೊಡೆ, ಇಲ್ಲದಿದ್ದರೆ ಟೊಪ್ಪಿ' ಎಂಬಂಥ ಎರಡು ಆಯ್ಕೆಯ ಮಾತನ್ನು ಒಂದೇ ಸಾಲಿನಲ್ಲಿ ಬರೆಯುವ ಸೌಕರ್ಯ ಅದರಲ್ಲಿ ಇರಲಿಲ್ಲ. ಬೇಕೆಂದು ಬಹಳ ಜನ ಕೇಳಿದರು. ಹೇಗೆ ಬರೆಯಬೇಕೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ರೀತಿ. 2003ರಲ್ಲಿ ಮತಕ್ಕೆ ಹಾಕಿದರು. ಸೌಕರ್ಯ ಬೇಕೆಂಬವರು ತುಂಬ ಇದ್ದರು, ಆದರೆ ಯಾವ ಒಂದು ರೂಪಕ್ಕೂ ಬಹುಮತ ಬರಲಿಲ್ಲ. ಸರಿ, ಪ್ರಸ್ತಾವನೆ ಬಿದ್ದುಹೋಯಿತು. ನಮ್ಮ ಕಡೆಯಾದರೆ ಅಲ್ಲಿಗೆ ಮುಗಿಯಿತು, ಮುಂದೆ ಯಾರಾದರೂ ಎತ್ತಿದರೆ 'ಅದು ಅವತ್ತೇ ತೀರ್ಮಾನ ಆಗಿದೆಯಲ್ಲ' ಎನ್ನುತ್ತಾರೆ. ಅಲ್ಲಿ ಕಾಗದ ಉಳಿದಿತ್ತು. ಸೌಕರ್ಯವಿಲ್ಲದೆ ಜನ ಮಾಡಿಕೊಂಡ ಅಡ್ಡದಾರಿಯಿಂದ ತಪ್ಪುಗಳಾಗುತ್ತಿರುವುದು ಕಂಡ ಮೇಲೆ, 2005ರಲ್ಲಿ ಹಳೆಯ ಕಾಗದ ತೆಗೆದು ಒಂದು ರೂಪವನ್ನು ಆರಿಸಿದರು. 2006ರಲ್ಲಿ ಅದು ಬಳಕೆಗೆ ಬಂತು. ಆ ರೂಪದಲ್ಲಿ ಮೊದಲು ಕೊಡೆ, ಆಮೇಲೆ ಮಳೆ, ಕೊನೆಗೆ ಟೊಪ್ಪಿ ಬರುತ್ತದೆ. ಕನ್ನಡದವರಿಗೆ ಇದು ತಲೆಕೆಳಗು. ಇರಲಿ, ಮತ ಹಾಕಲು ನಾವು ಹೋಗಿರಲಿಲ್ಲವಲ್ಲ.

ಈಗ ಕನ್ನಡ ಅಕ್ಷರದ ಜಗಳಕ್ಕೆ ಬರೋಣ. ಅದು ನಡೆದದ್ದು 2007ರಲ್ಲಿ. ಅಲ್ಲಿಯವರೆಗೆ ಪೈಥಾನಿನಲ್ಲಿ ನಾವು ಇಡುವ ಹೆಸರುಗಳೆಲ್ಲ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲೇ ಇರಬೇಕಿತ್ತು. ಮಾರ್ಟಿನ್ ಫಾನ್ ಲೋವಿಸ್ ಎಂಬ ಜರ್ಮನರು, ಯಾವ ಭಾಷೆಯ ಅಕ್ಷರದಲ್ಲಾದರೂ ಹೆಸರಿಡಲು ಬಿಡಬೇಕೆಂದು ಪ್ರಸ್ತಾವನೆ ಬರೆದರು. ಅವರ ಮುಖ್ಯ ಕಾರಣವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಇಂಗ್ಲಿಷ್ ಸರಿಯಾಗಿ ಬಾರದವರೂ ಲೋಕದಲ್ಲಿ ಪ್ರೋಗ್ರಾಮ್ ಬರೆಯುತ್ತಾರೆ; ತಮ್ಮ ಮನಸ್ಸಿನಲ್ಲಿರುವುದಕ್ಕೆ ತಪ್ಪುತಪ್ಪಾದ ಇಂಗ್ಲಿಷ್ ಹೆಸರು ಹುಡುಕುವ ಬದಲು ಅವರು ತಮ್ಮ ಭಾಷೆಯ ಹೆಸರನ್ನೇ ಇಡಲಿ.

ವಿರೋಧ ಸಣ್ಣದಾಗಿರಲಿಲ್ಲ. ಗೊತ್ತಿಲ್ಲದ ಲಿಪಿಯಲ್ಲಿ ಬರೆದದ್ದನ್ನು ಬೇರೆ ದೇಶದವರು ಓದಿ ತಿದ್ದುವುದು ಹೇಗೆ? ನೋಡಲು ಒಂದೇ ಆಗಿದ್ದು ಒಳಗೆ ಬೇರೆಯಾದ ಅಕ್ಷರಗಳಿವೆ, ಇಂಗ್ಲಿಷಿನ 'ಎ' ಮತ್ತು ರಷ್ಯನ್ನರ 'ಅ' ಇದ್ದ ಹಾಗೆ. ಅದರಿಂದ ಮೋಸ ಮಾಡುವವರಿಗೆ ಅನುಕೂಲವಾಗದೆ? ಒಂದು ಸಾಲು ಸರಿಯೋ ತಪ್ಪೋ ಎಂದು ಮನುಷ್ಯರು ಕಣ್ಣಿನಿಂದ ನೋಡಿ ಹೇಳುವುದು ಸಾಧ್ಯವೆ? ಇವೆಲ್ಲ ಹೊಟ್ಟೆಕಿಚ್ಚಿನ ಮಾತುಗಳಲ್ಲ. ಕಾ-ಪಿಂಗ್ ಯೀ ಎಂಬವರು ಆಕ್ಷೇಪಗಳನ್ನು ಚೆನ್ನಾಗಿ ಒಟ್ಟುಮಾಡಿ ಬರೆದದ್ದು ಪ್ರಸ್ತಾವನೆಯ ಒಳಗೇ ಇದೆ. ಕೊನೆಗೆ ಗೀಡೋ ಒಪ್ಪಿದರು, ಒಂದು ಕಟ್ಟಳೆಯೊಂದಿಗೆ: ಭಾಷೆಯ ಜೊತೆಗೆ ಬರುವ ಮೂಲ ಸಾಮಗ್ರಿಯಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳೇ ಇರಬೇಕು, ಅದು ಎಲ್ಲ ದೇಶದವರೂ ಸೇರಿ ನೋಡಿಕೊಳ್ಳುವಂಥದ್ದು. ನಮ್ಮ ನಮ್ಮ ಮನೆಯ ಬರಹಕ್ಕೆ ನಮ್ಮ ಭಾಷೆ. 2008ರ ಡಿಸೆಂಬರ್ 3ರಂದು ಬಂದ ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ಇದು ಜಾರಿಗೆ ಬಂತು.

ವಿರೋಧಿಸಿದವರ ಮಾತಿನಲ್ಲಿ ಹುರುಳಿತ್ತೆಂದು ನಮ್ಮ ಚಾವಡಿಯಲ್ಲೇ ಸಿದ್ಧವಾಯಿತು. ಎರಡನೆಯ ದಿನ ನಾನೂ ಒಂದು ಸಾಲು ಒತ್ತುತ್ತೇನೆಂದು ಕುಳಿತು 'ಅಂಕ' ಎಂದು ಬರೆದೆ. ಅಂಥ ಹೆಸರೇ ತನಗೆ ಗೊತ್ತಿಲ್ಲ ಎಂದಿತು ಕಂಪ್ಯೂಟರ್. ಇಬ್ಬರೂ ಅರ್ಧ ಗಂಟೆ ನೋಡಿದೆವು. ನೋಡಿದರೆ, ಸೊನ್ನೆಯ ಜಾಗದಲ್ಲಿ ನಾನು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದೆ! ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇನ್ನೊಂದು ತೊಂದರೆ 'ಯೂನಿಟ್‌ಟೆಸ್ಟ್' ಎಂಬಲ್ಲಿ ಬಂತು. ಟಕಾರಗಳು ಒತ್ತಾಗಿ 'ಯೂನಿಟ್ಟೆಸ್ಟ್' ಆಗದಂತೆ ನಡುವೆ ಕಾಣದ ಒಂದು ಗುರುತು ಹಾಕಬೇಕು, ಕನ್ನಡದಲ್ಲಿ ಅದು ಮಾಮೂಲು. ಪೈಥಾನ್ ಹೆಸರುಗಳಲ್ಲಿ ಕಾಣದ ಗುರುತನ್ನು ಒಪ್ಪುವುದಿಲ್ಲ. ಕೊನೆಗೆ 'ಕಿರುಪರೀಕ್ಷೆ' ಎಂದು ಬರೆದು ಪಾರಾದೆವು. ಕನ್ನಡದ ಪದ ಬಳಸಿದ್ದಕ್ಕೆ ಕಂಪ್ಯೂಟರಿಗೆ ಥ್ಯಾಂಕ್ಸ್ ಹೇಳಬೇಕಾದ ಕಾಲ ನೋಡಿ! ಕನ್ನಡ ಅಂಕಿಗಳದ್ದು ಅರ್ಧ ಸಂತೋಷ. ಮಕ್ಕಳ ಅಂಕವನ್ನು '೩೫' ಎಂದು ತುಂಬಿಸಿಕೊಟ್ಟರೆ ಅದನ್ನು ಮೂವತ್ತೈದೆಂದು ಓದಿಕೊಳ್ಳುವ ವ್ಯವಸ್ಥೆ ಇದೆ, ಪ್ರೋಗ್ರಾಮಿನ ಸಾಲಿನಲ್ಲಿ ನೇರವಾಗಿ ೩೫ ಎಂದು ಬರೆದರೆ ಮಾತ್ರ ಒಪ್ಪುವುದಿಲ್ಲ.

ಅಂದ ಹಾಗೆ ಯಾವುದು ಅಕ್ಷರ, ಯಾವುದು ಅಲ್ಲ ಎಂದು ಪೈಥಾನ್ ತಾನಾಗಿ ತೀರ್ಮಾನಿಸುವುದಿಲ್ಲ. ಯೂನಿಕೋಡ್ ಎಂಬ ಲೋಕದ ಲಿಪಿಗಳ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಕನ್ನಡ ಆ ಪಟ್ಟಿಯಲ್ಲಿ 1991ರಿಂದ ಇದೆ. ಪಟ್ಟಿ ಮಾಡುವಾಗ ನಮ್ಮ ಹಳಗನ್ನಡದ 'ೞ' ಅಕ್ಷರಕ್ಕೆ ಯಾರೋ 'ಫ' ಎಂಬ ತಪ್ಪು ಹೆಸರು ಬರೆದುಬಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಅಲ್ಲಿನ ನಿಯಮ, ಅದನ್ನು ನಂಬಿ ಜಗತ್ತಿನ ಯಂತ್ರಗಳು ಓಡುತ್ತವೆ. ಹಾಗಾಗಿ ತಪ್ಪು ಹೆಸರು ಶಾಶ್ವತ, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದು ಇರುತ್ತದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಪ್ಪಾಗಿ ಬಿದ್ದ ಜನ್ಮತಾರೀಕಿನ ಹಾಗೆ. ಈ ಪಟ್ಟಿಯೂ ಬರೆದು ವಾದಿಸಿಯೇ ಬೆಳೆಯುವುದು. ಕನ್ನಡ ಲಿಪಿಯಲ್ಲಿ ಕೊಂಕಣಿ, ಹವ್ಯಕ ಕನ್ನಡ ಬರೆಯುವವರಿಗೆ ಮೂಗಿನ ಉಚ್ಚಾರ ತೋರಿಸಲು ಬೇಕಾದ ಒಂದು ಗುರುತು 2022ರಲ್ಲಿ ಸೇರಿತು. ಮಡಂತ್ಯಾರಿನಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳು ಎಷ್ಟಿವೆ! ನನ್ನ ಸಹೋದ್ಯೋಗಿ ಟೀಚರೊಬ್ಬರಿಗೆ ಇದನ್ನು ತೋರಿಸಿದಾಗ ಅವರು, "ನಮ್ಮ ಅಮ್ಮ ಇದನ್ನು ಪೆನ್ಸಿಲಲ್ಲಿ ಹಾಕುತ್ತಿದ್ದರು" ಎಂದರು. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಸೇರಿತು. ತುಳು ಎನ್ನಬೇಕೋ ತಿಗಳಾರಿ ಎನ್ನಬೇಕೋ ಎಂಬ ವಾದ ನಡೆದು ಕೊನೆಗೆ ಎರಡನ್ನೂ ಜೋಡಿಸಿದ ಹೆಸರಿದು. 2025ರ ಅಕ್ಟೋಬರಿನಲ್ಲಿ ಬಂದ ಪೈಥಾನ್ ಆವೃತ್ತಿ ಆ ಪಟ್ಟಿಯನ್ನು ಸೇರಿಸಿಕೊಂಡಿದೆ. ಕನ್ನಡವನ್ನು ಸಾಮಾನ್ಯ ಕೀಲಿಮಣೆಯಲ್ಲೇ ಒತ್ತುವ ಸುಲಭದ ಕ್ರಮವನ್ನು ರೂಪಿಸಿದ ಕೆ.ಪಿ. ರಾವ್ ಅವರೂ ನಮ್ಮ ಜಿಲ್ಲೆಯ ಕಿನ್ನಿಕಂಬಳದವರೇ. ಅವರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಿಂದ. ತಂಗಿಯ ಮಗಳಿಗೆ ಇದು ಗೊತ್ತಿರಲಿಲ್ಲ. ಸದ್ಯ, ನನಗೂ ಅವಳಿಗೆ ಹೇಳಲು ಒಂದಾದರೂ ಸಂಗತಿ ಸಿಕ್ಕಿತು.

2007 ಎಂದೆನಲ್ಲ. ಆ ವರ್ಷ ಕೇಳಿದೊಡನೆ ನನ್ನ ಕೈಯಲ್ಲಿದ್ದ ಹಪ್ಪಳ ಅಲ್ಲೇ ನಿಂತಿತು. ನಾನು ಆಗ ಇದ್ದ ಒಂದು ಶಾಲೆಯಲ್ಲಿ ಅದೇ ವರ್ಷ ಶಿಕ್ಷಕರ ಸಭೆ ಕರೆದಿದ್ದರು. ಮುಂದಿನ ವರ್ಷದಿಂದ ಗಣಿತ, ವಿಜ್ಞಾನಗಳನ್ನು ಎಲ್ಲ ಮಕ್ಕಳಿಗೂ ಇಂಗ್ಲಿಷಿನಲ್ಲೇ ಕಲಿಸುವುದು ಎಂಬ ವಿಷಯ. ನಾನು ಎದ್ದು ನಿಂತು ಮಾತಾಡಿದೆ. ಎಂಟನೆಯಲ್ಲಿ ಏಕಾಏಕಿ ಬದಲಾಯಿಸಿದರೆ ಲೆಕ್ಕ ಗೊತ್ತಿರುವ ಮಗುವೂ ಪದ ಗೊತ್ತಿಲ್ಲದೆ ಸುಮ್ಮನಾಗುತ್ತದೆ. ಬೇಕಿದ್ದರೆ ಐದನೆಯಿಂದ ನಿಧಾನಕ್ಕೆ ಎರಡೂ ಪದ ಹೇಳಿಕೊಡುತ್ತಾ ಬರೋಣ. ಒಂದು ವರ್ಷ ಒಂದೇ ವಿಭಾಗದಲ್ಲಿ ಮಾಡಿ ನೋಡೋಣ. ಮೂರು ಮಾತು ಹೇಳಿದೆ. ನನ್ನ ಜೊತೆಗೆ ಗಣಿತದ ಟೀಚರೂ ತಲೆಯಾಡಿಸಿದರು. ಅಧ್ಯಕ್ಷತೆ ವಹಿಸಿದ್ದವರು ನಗುತ್ತಾ "ಟೀಚರ ಕಳಕಳಿ ಮೆಚ್ಚತಕ್ಕದ್ದೇ" ಎಂದರು. ಚಹಾ, ಅಂಬಡೆ ಬಂತು. ಆಮೇಲೆ ನಡಾವಳಿ ಪುಸ್ತಕ ಸುತ್ತು ಬಂತು. ಅದರಲ್ಲಿ 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದಿತ್ತು. ಎಲ್ಲರೂ ಸಹಿ ಹಾಕಿದರು, ಬಸ್ಸಿಗೆ ಹೊತ್ತಾಗಿತ್ತು. ನಾನೂ ಹಾಕಿದೆ.

ಆ ಬದಲಾವಣೆ ಪೂರ್ತಿ ತಪ್ಪಾಗಿತ್ತೆಂದು ಈಗಲೂ ನಾನು ಹೇಳಲಾರೆ. ಕೆಲವು ಮಕ್ಕಳು ಚೆನ್ನಾಗಿಯೇ ದಡ ಸೇರಿದರು. ಆದರೆ ಗಣಿತದಲ್ಲಿ ಚುರುಕಾಗಿದ್ದ ಒಬ್ಬಳು ಹುಡುಗಿ ನನಗೆ ಮರೆಯುವುದಿಲ್ಲ. ತಾಯಿ ಬೀಡಿ ಕಟ್ಟುತ್ತಿದ್ದರು. ಏಳನೆಯವರೆಗೆ ಲಸಾಅ, ಮಸಾಅ ಎಂದು ಬಾಯಿಲೆಕ್ಕ ಹೇಳುತ್ತಿದ್ದವಳು ಎಂಟನೆಯಲ್ಲಿ ಕೊನೆಯ ಬೆಂಚಿಗೆ ಹೋಗಿ ಕೂತಳು. ಅವಳನ್ನು ಮುಂದಕ್ಕೆ ಕರೆದು ಕೂರಿಸಿದ್ದೆ. ಮರುದಿನ ಮತ್ತೆ ಹಿಂದೆ. ಕೆಲವು ವರ್ಷ ಕಳೆದ ಮೇಲೆ ಆ ಶಾಲೆಗೆ ಹೊಸ ಮುಖ್ಯೋಪಾಧ್ಯಾಯರು ಬಂದರು. ಫಲಿತಾಂಶ ನೋಡಿ, "ಇದನ್ನು ಶುರು ಮಾಡುವಾಗ ಯಾರೂ ಬೇಡವೆನ್ನಲಿಲ್ಲವೇ?" ಎಂದು ಕೇಳಿದರು. ನಾನು ಹೇಳಿದ್ದೆ ಎಂದೆ. ಅವರು ಪುಸ್ತಕ ತರಿಸಿ ನೋಡಿ, ಏನೂ ಹೇಳದೆ ನನ್ನ ಕಡೆಗೆ ತಿರುಗಿಸಿದರು. ಸರ್ವಾನುಮತ, ಕೆಳಗೆ ನನ್ನ ದುಂಡಗಿನ ಸಹಿ. ನಾನು ಅವತ್ತು ಹೇಳಿದ ಮೂರು ಮಾತುಗಳಲ್ಲಿ ಮೂರನೆಯದನ್ನೇ ಅವರು ಮುಂದಿನ ವರ್ಷ ತಮ್ಮ ಹೊಸ ಆಲೋಚನೆಯೆಂದು ಸಭೆಯಲ್ಲಿಟ್ಟರು. ಅವರಿಗೆ ಗೊತ್ತಾಗುವುದಾದರೂ ಹೇಗೆ?

ಪೈಥಾನಿನವರೆಲ್ಲ ಋಷಿಗಳೆಂದು ತಿಳಿಯಬೇಡಿ. ಮೂರನೆಯ ಆವೃತ್ತಿ ಬಂದಾಗ ಹಳೆಯದರಲ್ಲಿ ಬರೆದದ್ದು ಹೊಸದರಲ್ಲಿ ಹಾಗೇ ನಡೆಯುತ್ತಿರಲಿಲ್ಲ. ಜನ ಬೈದರು. ಹಳೆಯದಕ್ಕೆ 2015ರವರೆಗೆ ಆಸರೆ ಕೊಡುತ್ತೇವೆಂದಿದ್ದವರು ಅದನ್ನು 2020ಕ್ಕೆ ಎಳೆದರು. ಹನ್ನೊಂದು ವರ್ಷ ಎರಡು ಒಲೆ ಉರಿಸಿದ ಹಾಗಾಯಿತು. ಆ ಬದಲಾವಣೆಗಳಲ್ಲಿ ಒಂದು ಮಾತ್ರ ನನಗೆ ಬಹಳ ಇಷ್ಟವಾಯಿತು. ತೆರೆಯ ಮೇಲೆ ಉತ್ತರ ತೋರಿಸಲು ಪ್ರಿಂಟ್ ಎಂಬ ಪದವಿದೆ. ಹಳೆಯದರಲ್ಲಿ ಅದು ಇಫ್, ಫಾರ್‌ಗಳಂತೆ ಭಾಷೆಯ ಕಟ್ಟುನಿಟ್ಟಿನ ಪದವಾಗಿತ್ತು, ಮುಟ್ಟುವಂತಿರಲಿಲ್ಲ. ಹೊಸದರಲ್ಲಿ ಅದನ್ನು ಸಾಮಾನ್ಯ ಹೆಸರಿನ ಸಾಲಿಗೆ ಇಳಿಸಿದರು. ಹಾಗಾಗಿ 'ಮುದ್ರಿಸು' ಎಂದರೆ 'ಪ್ರಿಂಟ್' ಎಂದು ಒಂದು ಸಾಲು ಮೇಲೆ ಬರೆದರೆ ಸಾಕು, ಮುಂದೆಲ್ಲ 'ಮುದ್ರಿಸು' ಎಂದೇ ಬರೆಯಬಹುದು. ಎರಡು ಬೇರೆ ಬೇರೆ ಜಗಳಗಳ ಫಲ ನಮ್ಮ ಚಾವಡಿಯಲ್ಲಿ ಒಟ್ಟಿಗೆ ಸಿಕ್ಕಿತು. ಇದನ್ನು ನೋಡಿದ ಮೇಲೆ ನಾನು ನಲವತ್ತೆರಡು ಮಕ್ಕಳ ಹೆಸರನ್ನೂ ನಾನೇ ಒತ್ತಿದೆ.

ಜಗಳ ವಿಪರೀತವಾದದ್ದು 2018ರಲ್ಲಿ. ಹೆಸರಿಡುವುದನ್ನೂ ಅದನ್ನು ಬಳಸುವುದನ್ನೂ ಒಂದೇ ಉಸಿರಿನಲ್ಲಿ ಮುಗಿಸುವ ಒಂದು ಚಿಹ್ನೆಯ ಬಗ್ಗೆ. ಎರಡು ಚುಕ್ಕೆ, ಪಕ್ಕದಲ್ಲಿ ಎರಡು ಗೆರೆ, ಇಷ್ಟೇ. ಅಡ್ಡ ಹಿಡಿದು ನೋಡಿದರೆ ವಾಲ್ರಸ್ ಎಂಬ ಉದ್ದ ಹಲ್ಲಿನ ಕಡಲಪ್ರಾಣಿಯ ಮುಖದಂತೆ ಕಾಣುತ್ತದೆಂದು ಆ ಹೆಸರೇ ಬಿತ್ತು. ಇದರಿಂದ ಬರಹ ಚೊಕ್ಕಟವಾಗುತ್ತದೆಂದು ಒಂದು ಪಕ್ಷ, ಓದಲು ಕಷ್ಟವಾಗುತ್ತದೆಂದು ಇನ್ನೊಂದು. ಗೀಡೋ ಪರವಾಗಿದ್ದರು, ಒಪ್ಪಿಗೆ ಕೊಟ್ಟರು. ಅದಾದ ಬೆನ್ನಿಗೆ ಜುಲೈ 12ರಂದು ಎಲ್ಲರಿಗೂ ಕಾಗದ ಬರೆದು ತಾನು ಸರ್ವಾಧಿಕಾರದಿಂದ ಇಳಿಯುತ್ತಿದ್ದೇನೆ ಎಂದರು. ಒಂದು ಪ್ರಸ್ತಾವನೆಗಾಗಿ ಇಷ್ಟು ಗುದ್ದಾಡಿ, ಕೊನೆಗೆ ಇಷ್ಟು ಜನ ತನ್ನ ತೀರ್ಮಾನವನ್ನು ಹೇಸುವುದನ್ನು ಇನ್ನು ನೋಡಲಾರೆ ಎಂಬುದು ಅದರ ಸಾರ. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಗೆದ್ದ ದಿನಗಳಲ್ಲೇ ಮನುಷ್ಯ ದಣಿದದ್ದು. ಕೂಡು ಕುಟುಂಬದಲ್ಲಿ ಹಿರಿಸೊಸೆಯಾಗಿ ಬಾಳಿದ ನನ್ನ ಅತ್ತೆಯವರಿಗೆ ಈ ಕಥೆ ಹೇಳಿದರೆ ಬೇಗ ಅರ್ಥವಾಗುತ್ತಿತ್ತು.

ಉಳಿದವರು ಕೆಲವು ತಿಂಗಳು ಹೇಗೆ ಆಳಿಕೊಳ್ಳಬೇಕೆಂದೇ ಚರ್ಚಿಸಿದರು. ಅದಕ್ಕೂ ಏಳು ಲಿಖಿತ ಪ್ರಸ್ತಾವನೆ! ಡಿಸೆಂಬರಿನಲ್ಲಿ ಮತ ಹಾಕಿ ಐದು ಜನರ ಮಂಡಳಿಯನ್ನು ಒಪ್ಪಿದರು. ಒಂದೇ ಕಂಪೆನಿಯ ನೌಕರರು ಇಬ್ಬರಿಗಿಂತ ಹೆಚ್ಚು ಇರಬಾರದೆಂದು ನಿಯಮ. 2019ರ ಮೊದಲ ಮಂಡಳಿಯಲ್ಲಿ ಗೀಡೋ ಒಬ್ಬ ಸದಸ್ಯರಾಗಿ ಮಾತ್ರ ಇದ್ದರು, ಮುಂದಿನ ಸಲ ತಮ್ಮ ಹೆಸರನ್ನು ಹಿಂತೆಗೆದುಕೊಂಡರು. ಆ ಐವರಲ್ಲಿ ಕ್ಯಾರಲ್ ವಿಲಿಂಗ್ ಎಂಬ ಮಹಿಳೆಯೂ ಇದ್ದರು. ಖುಷಿಯಾಯಿತು ಎನ್ನುವಷ್ಟರಲ್ಲಿ ತಂಗಿಯ ಮಗಳು ಇನ್ನೊಂದು ಸಂಗತಿ ಹೇಳಿದಳು. ಭಾಷೆಯ ಮೂಲಕ್ಕೆ ಕೈಹಾಕಿ ತಿದ್ದುವ ಅಧಿಕಾರವಿರುವವರ ಗುಂಪಿಗೆ ಮೊದಲ ಹೆಂಗಸು ಸೇರಿದ್ದು 2017ರಲ್ಲಿ, ಇಂಡೋನೇಷ್ಯಾ ಮೂಲದ ಮರಿಯಾಟ್ಟ ವಿಜಯ. ಭಾಷೆ ಹೊರಬಂದು ಅಷ್ಟರಲ್ಲಿ 26 ವರ್ಷ! ಬಾಗಿಲು ತೆರೆದೇ ಇತ್ತು ಎನ್ನುತ್ತಾರೆ. ನಮ್ಮೂರ ಗ್ರಾಮಸಭೆಯ ಬಾಗಿಲೂ ತೆರೆದೇ ಇರುತ್ತದೆ. ಹೆಂಗಸರು ಹಿಂದಿನ ಸಾಲಿನಲ್ಲಿ ಕುಳಿತು, ಮೈಕು ತಮ್ಮ ಕಡೆಗೆ ಬಾರದಿರಲಿ ಎಂದು ದೇವರಿಗೆ ಹರಕೆ ಹೊರುತ್ತಾರೆ. ಚರ್ಚೆಯೆಲ್ಲ ಇಂಗ್ಲಿಷಿನಲ್ಲೇ ಎಂಬುದೂ ಇದೆ. ಕನ್ನಡದಲ್ಲಿ ಹೆಸರಿಡಲು ಅವಕಾಶ ಬೇಕೋ ಬೇಡವೋ ಎಂದು ವಾದಿಸಬೇಕಾದರೂ ಇಂಗ್ಲಿಷ್ ಬರಬೇಕಿತ್ತು. ಕೊನೆಯ ಬೆಂಚಿನ ನನ್ನ ಹುಡುಗಿ ಅಲ್ಲಿಗೆ ಹೋಗಿ ಏನು ಹೇಳಿಯಾಳು?

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ನಾನು ಮೊನ್ನೆ ನಮ್ಮ ಮಹಿಳಾ ಮಂಡಲದ ಸಭೆಗೆ ಹೋದೆ. ಟೀಚರೆಂದು ಕಾರ್ಯದರ್ಶಿಯ ಕೆಲಸವನ್ನು ನನ್ನ ತಲೆಗೇ ಕಟ್ಟಿದ್ದಾರೆ, ನಡಾವಳಿ ಬರೆಯುವುದು ನಾನೇ. ಐವತ್ತು ಪ್ಲಾಸ್ಟಿಕ್ ಕುರ್ಚಿ ಕೊಂಡು ಮದುವೆ, ಪೂಜೆಗಳಿಗೆ ಬಾಡಿಗೆಗೆ ಕೊಡುವುದೆಂಬ ಪ್ರಸ್ತಾಪ ಬಂತು. ಹದಿನೇಳು ಮಂದಿಗೆ ಹೌದು. ಇಬ್ಬರಿಗೆ ಅಲ್ಲ. ಅವರಲ್ಲಿ ಒಬ್ಬಾಕೆ, ಕುರ್ಚಿ ಇಡಲು ನಮಗೆ ಜಾಗ ಎಲ್ಲುಂಟು, ಮಳೆಗಾಲದಲ್ಲಿ ಅದು ಯಾರದಾದರೂ ಮನೆಗೆ ಬಂದು ಬೀಳುತ್ತದೆ, ಆಮೇಲೆ ಮನಸ್ತಾಪ ಎಂದರು. ನಾನು ಉತ್ಸಾಹದಿಂದ ಅವರ ಹೆಸರನ್ನೂ ಕಾರಣವನ್ನೂ ಪೂರ್ತಿ ಬರೆದು ಓದಿ ಹೇಳಿದೆ. ಆಕೆಯ ಮುಖ ಬಿಳಿಚಿತು. ಸಭೆ ಮುಗಿದ ಮೇಲೆ ಬದಿಗೆ ಕರೆದು, "ಟೀಚರೇ, ನನ್ನ ಹೆಸರು ಯಾಕೆ ಬರೆದದ್ದು ಮಾರಾಯ್ರೆ? ನಾನು ಸುಮ್ಮನೆ ಹೇಳಿದ್ದು. ನಾಳೆ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಾರೆ. ಅಳಿಸಿ" ಎಂದರು. ಕಣ್ಣಲ್ಲಿ ನೀರಿತ್ತು.

ಹೆಸರಿನ ಮೇಲೆ ಗೆರೆ ಎಳೆದು 'ಇಬ್ಬರು ಸದಸ್ಯರು' ಎಂದು ತಿದ್ದಿದೆ. ಕಾರಣವನ್ನು ಹಾಗೇ ಬಿಟ್ಟೆ. ಆಕೆ ಎರಡು ಸಲ ಓದಿ ನೋಡಿ, ಸರಿ ಎಂದು ಸಹಿ ಹಾಕಿದರು.

ಕುರ್ಚಿಗಳು ಬಂದಿವೆ. ಬಣ್ಣ ಕೆಂಪು. ಮಂಡಲದ ಕಟ್ಟಡದ ಮಾಡು ಸೋರುವುದರಿಂದ ಸದ್ಯಕ್ಕೆ ನಮ್ಮ ಚಾವಡಿಯಲ್ಲಿಟ್ಟಿದ್ದಾರೆ. ಹತ್ತತ್ತರ ಐದು ಅಟ್ಟಿ. ಅಂಕ ಕೂಡಲು ನಾನೀಗ ಅಡುಗೆಮನೆಯಲ್ಲಿ ಕುಳಿತುಕೊಳ್ಳುತ್ತೇನೆ.